ಮಳೆನೀರಿಗೂ ಬಿಲ್ಲಾ?

ಪ್ರಶ್ನೆ: ಮುಂಬೈನ ಮಾಟುಂಗಾದಲ್ಲಿ 30 ವರ್ಷದಿಂದ ಇದ್ದೀವಿ. ಜೋರು ಮಳೆ ಬಂದ್ರೆ ಸಾಕು, ಗಾಂಧಿ ಮಾರ್ಕೆಟ್ ಹತ್ರ ಮೊಣಕಾಲುದ್ದ ನೀರು. ಅಮೆರಿಕದಲ್ಲಿರೋ ಮಗಳು ಅಲ್ಲಿ ಮಳೆನೀರಿಗೂ ಫೀ ಹಾಕ್ತಾರೆ ಅಂದ್ಲು. ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ, ಅದು ಸಾಲ್ದಾ?
– ಒಬ್ಬ ಓದುಗರು, ಮಾಟುಂಗಾ

ಉತ್ತರ: ಆ ಫೀ ನಿಮ್ಮ ಜಾಗದಿಂದ ರಸ್ತೆಗೆ ಹರಿದು ಬರೋ ನೀರಿಗಮ್ಮ. ನಮ್ಮ ಸೊಸೈಟಿ ಕಾಂಪೌಂಡಲ್ಲಿ ಮೊದಲು ಮಣ್ಣಿತ್ತು, ಎರಡು ತೆಂಗಿನಮರ, ಒಂದು ಕರಿಬೇವಿನ ಗಿಡ ಇತ್ತು, ಕಾರ್ ನಿಲ್ಲಿಸೋಕೆ ಅಂತ ಪೂರ್ತಿ ಪೇವರ್ ಬ್ಲಾಕ್ ಹಾಕಿಸಿದ್ವಿ, ಈಗ ಬಿದ್ದ ನೀರು ಒಂದು ನಿಮಿಷಾನೂ ನಿಲ್ಲಲ್ಲ, ವಾಚ್‌ಮನ್ ಚಪ್ಪಲೀನೂ ತೇಲಿಸ್ಕೊಂಡು ಗೇಟ್ ಕೆಳಗಿಂದ ಓಡುತ್ತೆ. ಲೆಕ್ಕ ಹಾಕಿ ನೋಡಿ: 1,000 ಚದರ ಮೀಟರ್ ಮೇಲೆ 100 ಮಿ.ಮೀ. ಮಳೆ ಬಿದ್ರೆ 1 ಲಕ್ಷ ಲೀಟರ್, ಅಂದ್ರೆ 10,000 ಲೀಟರಿನ 10 ಟ್ಯಾಂಕರ್. ನಮ್ಮ ಹಳೇ ಚರಂಡಿಗಳನ್ನ ಕಟ್ಟಿದ್ದೇ ಗಂಟೆಗೆ 25 ಮಿ.ಮೀ. ಮಳೆಗೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರೀತು.

ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಊರಲ್ಲಿ 1974ರಲ್ಲೇ ಇಂಥ ಫೀ ವ್ಯವಸ್ಥೆ ಶುರುವಾಯ್ತು. ಎಷ್ಟು ನೆಲಾನ ನೀರು ಇಂಗದ ಹಾಗೆ ಮುಚ್ಚಿದ್ದೀರೋ, ಅಂದ್ರೆ ತಾರಸಿ, ಕಾಂಕ್ರೀಟ್, ಪಾರ್ಕಿಂಗ್, ಅದನ್ನ ಅಳೆದು ಹಾಕೋ ಪದ್ಧತಿ ಈಗ ಅಲ್ಲಿ ಎಷ್ಟೋ ಊರಲ್ಲಿದೆ. ಫಿಲಡೆಲ್ಫಿಯಾದಲ್ಲಿ ಮುಂಚೆ ನಲ್ಲಿ ಮೀಟರ್ ಸೈಜ್ ನೋಡಿ ಹಾಕ್ತಿದ್ರು, ಹಾಗಾಗಿ ಎಕರೆಗಟ್ಟಲೆ ಡಾಂಬರು ಹಾಕಿದ ಪಾರ್ಕಿಂಗ್ ಲಾಟ್‌ನೋರು ನಲ್ಲಿನೇ ಇಲ್ಲ ಅಂತ ಬಿಡಿಗಾಸೂ ಕೊಡ್ತಿರ್ಲಿಲ್ಲ. 2010ರಿಂದ ಅಂಗಡಿ, ಕಾರ್ಖಾನೆ, ಪಾರ್ಕಿಂಗ್ ಲಾಟ್‌ಗಳಿಗೆ ಜಾಗ ಅಳೆದು ಹಾಕೋಕೆ ಶುರು ಮಾಡಿದ್ರು. ತಾರಸಿ ಮೇಲೆ ಹಸಿರು ಬೆಳೆಸಿದ್ರೆ, ನೀರು ಇಂಗಿಸಿದ್ರೆ ಬಿಲ್ಲಲ್ಲಿ ಕಡಿತ.

ಮುಂಬೈಲಿ ನಿಮ್ಮ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ನೀರಿಂದು, ಒಳಚರಂಡಿದು, ರಸ್ತೆದು, ಮರದ್ದೂ ಬೇರೆ ಬೇರೆ ಸಾಲು ಇರುತ್ತೆ, ಮಳೆನೀರಿನ ಚರಂಡಿಗೆ ಅಂತ ಒಂದು ಸಾಲಿಲ್ಲ. ಆ ಖರ್ಚು ಪಾಲಿಕೆಯ ಒಟ್ಟು ಬಜೆಟ್‌ನಿಂದ ಹೋಗುತ್ತೆ. ಟ್ಯಾಕ್ಸ್ ಲೆಕ್ಕ ಆಸ್ತಿ ಬೆಲೆ ಮೇಲೆ, ಹರಿಯೋ ನೀರಿಗೂ ಅದಕ್ಕೂ ಸಂಬಂಧಾನೇ ಇಲ್ಲ.

ನನ್ನನ್ನ ಕೇಳಿದ್ರೆ ಇಲ್ಲೂ ಬರ್ಲಿ, ಆದ್ರೆ ಎರಡು ಮಾತು. ಆ ದುಡ್ಡು ಬೇರೆ ಖಾತೇಲಿರ್ಬೇಕು, ನಾಲಾ ಹೂಳು ತೆಗೆಯೋಕೆ, ಪಂಪಿಗೆ ಬಿಟ್ಟು ಇನ್ಯಾವುದಕ್ಕೂ ಮುಟ್ಟಬಾರ್ದು. ಇನ್ನೊಂದು, 500 ಚದರಡಿವರೆಗಿನ ಮನೆಗಳಿಗೆ 2022ರಿಂದ ಪ್ರಾಪರ್ಟಿ ಟ್ಯಾಕ್ಸ್ ಮಾಫಿ ಇದೆಯಲ್ಲ, ಚಾಳಿನೋರ ಮೇಲೆ ಈ ಹೊಸ ಹೊರೆ ಬೀಳಬಾರ್ದು, ಮಾಲ್, ಟವರ್, ದೊಡ್ಡ ಪಾರ್ಕಿಂಗ್‌ನೋರು ಮೊದಲು ಕೊಡ್ಲಿ.

ಫೀ ಬಂದ ತಕ್ಷಣ ಗಾಂಧಿ ಮಾರ್ಕೆಟ್ ಒಣಗಿಬಿಡುತ್ತೆ ಅಂತಲ್ಲ, ಉಬ್ಬರದ ಹೊತ್ತಲ್ಲಿ ಸಮುದ್ರದ ನೀರೇ ಚರಂಡಿ ಬಾಯಿಗೆ ಬಂದಿರುತ್ತೆ, ಆಗ ಪಂಪೇ ಗತಿ. ಆದ್ರೆ ಆ ಹೊತ್ತಲ್ಲಿ ನಮ್ಮ ಗೇಟಿಂದ ಆ 10 ಟ್ಯಾಂಕರ್ ನೀರು ರಸ್ತೆಗೆ ಬರದಿದ್ರೆ ಪಂಪಿಗೂ ಅಷ್ಟು ಕೆಲಸ ಕಮ್ಮಿ. ಮುಂದಿನ ಸೊಸೈಟಿ ಮೀಟಿಂಗಲ್ಲಿ ಗೋಡೆ ಪಕ್ಕ ಎರಡು ಸಾಲು ಬ್ಲಾಕ್ ಕೀಳಿಸೋಣ ಅಂತ ನಾನು ಕೇಳ್ತೀನಿ, ನೀವೂ ನಿಮ್ಮಲ್ಲಿ ಕೇಳಿ.