ಆ ಮಣಿಯನ್ನು ಏಕೆ ಬಿಟ್ಟಿರಿ?

ಮಾನ್ಯರೇ,

ಹೆಲ್ಸಿಂಕಿಯ ದಂತವಿಜ್ಞಾನಿ ಇರ್ಮಾ ಥೆಸ್ಲೆಫ್ ಅವರ ಸಂಶೋಧನಾ ಜೀವನದ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯದ ಆಯ್ಕೆ ಒಳ್ಳೆಯದು, ಭಾಷೆಯೂ ಶುದ್ಧವಾಗಿದೆ. ಆದರೆ ಎರಡನೆಯ ಪುಟದ ಒಂದು ವಾಕ್ಯ ನನ್ನನ್ನು ಬಹಳ ಕಾಡಿತು: ‘ಹಲ್ಲನ್ನು ರೂಪಿಸುವ ಜೀನ್ ಅನ್ನು 1993ರಲ್ಲಿ ಕಂಡುಹಿಡಿಯಲಾಯಿತು.’

‘ಜೀನ್ ಅನ್ನು ಕಂಡುಹಿಡಿಯಲಾಯಿತು’ ಎಂಬುದು ತಪ್ಪು. ನೀವು ಹೇಳುತ್ತಿರುವ ಬಿಎಂಪಿ-4 (ಕೋಶಗಳಿಗೆ ಬೆಳವಣಿಗೆಯ ಸಂಕೇತ ಕೊಡುವ ಒಂದು ಪ್ರೋಟೀನು; ಅದರ ಜೀನಿಗೂ ಅದೇ ಹೆಸರು) ಅದಕ್ಕೂ ಮೊದಲೇ ಗೊತ್ತಿತ್ತು. ಹಲ್ಲು ಮೂಡುವಾಗ ಹೊರಪದರವು ಒಳಗಿನ ಅಂಗಾಂಶಕ್ಕೆ ಕಳುಹಿಸುವ ಸಂಕೇತಗಳಲ್ಲಿ ಅದೂ ಒಂದು ಎಂದು ತೋರಿಸಿದ್ದು ಆ ವರ್ಷದ ಕೆಲಸ. ‘ಕಂಡುಹಿಡಿಯಲಾಯಿತು’ ಎಂದರೆ ಯಾರಿಂದ? ಸೆಪ್ಪೊ ವೈನಿಯೊ ಮತ್ತು ಸಂಗಡಿಗರು, ಥೆಸ್ಲೆಫ್ ಅವರ ಪ್ರಯೋಗಾಲಯದಲ್ಲಿ. ಹೇಗೆ? ಇಲಿಯ ಭ್ರೂಣದಿಂದ ಹಲ್ಲು ಮೂಡುವ ಭಾಗವನ್ನು ತೆಗೆದು, ಹೊರಪದರವನ್ನು ಬಿಡಿಸಿ, ಅದರ ಜಾಗದಲ್ಲಿ ಆ ಪ್ರೋಟೀನಿನಲ್ಲಿ ನೆನೆಸಿದ ಪುಟ್ಟ ಮಣಿಯೊಂದನ್ನು ಇಟ್ಟರು. ಹೊರಪದರವೇ ಪಕ್ಕದಲ್ಲಿದೆಯೇನೋ ಎಂಬಂತೆ ಒಳಗಿನ ಅಂಗಾಂಶದಲ್ಲಿ ಹಲ್ಲಿನ ಬೆಳವಣಿಗೆಗೆ ಬೇಕಾದ ಎಂಎಸ್ಎಕ್ಸ್-1, ಎಂಎಸ್ಎಕ್ಸ್-2 ಜೀನ್‌ಗಳು ಎಚ್ಚೆತ್ತವು. ಅಷ್ಟೇ ಅಲ್ಲ, ಆ ಅಂಗಾಂಶ ತಾನೂ ಬಿಎಂಪಿ-4 ಅನ್ನು ತಯಾರಿಸತೊಡಗಿತು. ಇಷ್ಟು ಸೊಗಸಾದ ಪ್ರಯೋಗವನ್ನು ಬಿಟ್ಟು ‘ಅವಿರತ ತಪಸ್ಸು’ ಎಂದು ನಾಲ್ಕು ಕಡೆ ಬರೆದಿದ್ದೀರಿ.

ನಾನು ಪತ್ರಿಕೆಗೆ ಸೇರಿದ ಮೊದಲ ವರ್ಷ ರೇಷ್ಮೆ ಸಂಶೋಧಕರೊಬ್ಬರ ಬಗ್ಗೆ ಬರೆದಾಗ, ಹಿರಿಯ ಉಪಸಂಪಾದಕರು ಅಂಚಿನಲ್ಲಿ ‘ಅವರ ಕೈಯಲ್ಲಿ ಏನಿತ್ತು?’ ಎಂದಷ್ಟೇ ಬರೆದು ಹಿಂದಿರುಗಿಸಿದರು. ಮತ್ತೆ ಹೋಗಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ರೇಷ್ಮೆಹುಳುವಿಗೆ ತಗಲುವ ಪೆಬ್ರಿನ್ ರೋಗದ ರೋಗಾಣುವನ್ನು ಹುಡುಕುವುದನ್ನು ಇಡೀ ಮಧ್ಯಾಹ್ನ ನೋಡಿ ಬಂದೆ. ಹಳೆಯ ಲೇಖನದ ಒಂದು ಸಾಲೂ ಉಳಿಯಲಿಲ್ಲ.

‘ಬಿದ್ದ ಹಲ್ಲನ್ನು ಮರಳಿ ಬೆಳೆಸುವುದು ಈಗ ಸಾಧ್ಯ’ ಎಂಬ ನಿಮ್ಮ ಕೊನೆಯ ಸಾಲನ್ನಂತೂ ಪ್ರಕಟಿಸಲಾರೆ. ಹಲ್ಲುಸೆಟ್ಟು ಕಟ್ಟಿಸಲು ಹಣ ಹೊಂದಿಸುತ್ತಿರುವ ಓದುಗರು ಅದನ್ನು ನಂಬಿಬಿಡುತ್ತಾರೆ. 2009ರಲ್ಲಿ ಜಪಾನಿನ ತಕಾಶಿ ಸುಜಿ ಅವರ ತಂಡ ಇಲಿಯ ದವಡೆಯಲ್ಲಿ ಹಲ್ಲು ಬೆಳೆಸಿದ್ದು ನಿಜ. ಆದರೆ ಅದು ಬೆಳೆದ ಹಲ್ಲಿನ ಮೊಳಕೆಯನ್ನು ಕಟ್ಟಿದ್ದು ಭ್ರೂಣದ ಕೋಶಗಳಿಂದ. ಹಲ್ಲು ಕಳೆದುಕೊಂಡ ವಯಸ್ಕರಲ್ಲಿ ಅಂಥ ಕೋಶಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯನ್ನು ನಿಮ್ಮ ಲೇಖನ ಎತ್ತಲೇಬೇಕು.

ಎರಡನೆಯ ಪುಟವನ್ನು ಆ ಮಣಿಯಿಂದಲೇ ಆರಂಭಿಸಿ ಬರೆದು ಕಳುಹಿಸಿ. ಯೂಕ್ಕಾ ಯೆರ್ನ್‌ವಾಲ್ ಮತ್ತು ಥೆಸ್ಲೆಫ್ 1994ರಲ್ಲಿ ವಿವರಿಸಿದ ಎನಾಮಲ್ ಗಂಟಿಗೂ (ಮೂಡುತ್ತಿರುವ ಹಲ್ಲಿನ ಹೊರಪದರದಲ್ಲಿ ಕಾಣುವ ಪುಟ್ಟ ಕೋಶಗುಚ್ಛ) ಅಲ್ಲಿ ಜಾಗ ಕೊಡಿ: ಅದರ ಕೋಶಗಳು ತಾವು ವಿಭಜನೆಯಾಗುವುದಿಲ್ಲ, ಆದರೆ ಸುತ್ತಲಿನವು ಬೆಳೆಯಲು ಬೇಕಾದ ಸಂಕೇತವನ್ನು ಕೊಡುತ್ತವೆ.

ಇತಿ,
ಸಂಪಾದಕ