ಮಿಕ್ಸಿ ಆಫ್ ಮಾಡಿ ಹಾಡಿ, ಅಕ್ಕಾ

ಹಾಸನದಿಂದ ಬಂದ ಪತ್ರ ಇದು. ಬರೆದವರಿಗೆ 51 ವರ್ಷ. ಮಗಳು ಕೆಲಸಕ್ಕೆ ಅಂತ ಪುಣೆಗೆ ಹೋದ ಮೇಲೆ ಮನೆ ಖಾಲಿ ಅನ್ನಿಸಿ, ಆರು ತಿಂಗಳ ಹಿಂದೆ ಪಕ್ಕದ ಬೀದಿಯ ಸಂಗೀತ ಪಾಠಕ್ಕೆ ಸೇರಿದ್ದಾರೆ. ಜೊತೆಗಿರುವವರೆಲ್ಲ ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳು. ಅವರು ಜಂಟಿ ವರಸೆ ಮುಗಿಸಿ ಅಲಂಕಾರಕ್ಕೆ ಹೋದರು, ಇವರು ಇನ್ನೂ ಮೊಟ್ಟಮೊದಲ ಪಾಠವಾದ ಸರಳೆಯಲ್ಲೇ ಇದ್ದಾರೆ. ದನಿ ಜಾರುತ್ತೆ, ಮೇಲಿನ ಷಡ್ಜ, ಅಂದರೆ ಮೇಲಿನ ‘ಸ’, ಸಿಗಲ್ಲ. "ಈ ವಯಸ್ಸಿಗೆ ಇದೆಲ್ಲ ಒಗ್ಗಲ್ಲ ಅನ್ನಿಸುತ್ತೆ. ಇನ್ನಷ್ಟು ನಗೆಪಾಟಲಾಗುವ ಮುಂಚೆ ಬಿಟ್ಟುಬಿಡಲಾ?" ಅಂತ ಕೇಳಿದ್ದಾರೆ.

ಅಕ್ಕಾ, ನಾಲ್ಕು ಪುಟದ ಪತ್ರದಲ್ಲಿ ವಯಸ್ಸಿನ ಮಾತು ಏಳು ಸಲ ಬಂದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಸಾಲು. "ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದಾಗ, ಕುಕ್ಕರ್ ಕೂಗುವಾಗ ಅಭ್ಯಾಸ ಮಾಡ್ಕೋತೀನಿ, ಯಾರಿಗೂ ಕೇಳಿಸಬಾರದಲ್ಲ." ಇಷ್ಟು ಬರೆದು ನೀವು ಸೀದಾ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಹೋಗೋಕೆ ಆಗಲಿಲ್ಲ.

ಯೋಚನೆ ಮಾಡಿ. ತಂಬೂರಿಯ ನಾದ ಕಿವಿಗೆ ಬೀಳಬೇಕು, ಅದರ ಮೇಲೆ ನಮ್ಮ ದನಿ ಕೂತಿದೆಯೋ ಇಲ್ಲವೋ ನಮಗೇ ಗೊತ್ತಾಗಬೇಕು. ಶ್ರುತಿ ಸೇರುವುದು ಅಂದರೆ ಇಷ್ಟೇ. ಮಿಕ್ಸಿ ಗರ್ರ್ ಅನ್ನುವಾಗ ತಂಬೂರಿಯೂ ಕೇಳಲ್ಲ, ನಿಮ್ಮ ದನಿಯೂ ನಿಮಗೆ ಕೇಳಲ್ಲ. ಸಾಲದ್ದಕ್ಕೆ ಗಂಟಲು ಹಿಡಿದು ಪಿಸುಗುಟ್ಟಿದ ಹಾಗೆ ಹಾಡುತ್ತೀರಿ. ಉಸಿರಿನ ಬಲ ಇಲ್ಲದ ಸ್ವರ ಕೆಳಗೆ ಜಾರುತ್ತೆ. 20 ವರ್ಷದ ಹುಡುಗಿ ಹಾಗೆ ಹಾಡಿದರೂ ಜಾರುತ್ತೆ. ಅಪಸ್ವರ ಬಂದೀತು ಅಂತ ಹೆದರಿ ಮಿಕ್ಸಿ ಹಿಂದೆ ಅಡಗಿದಿರಿ, ಅಡಗಿದ್ದಕ್ಕೇ ಅಪಸ್ವರ ಬಂತು. ಪಾಠದ ದಿನ ಅದು ಎಲ್ಲರೆದುರು ಹೊರಗೆ ಬಿತ್ತು, ನಿಮ್ಮ ಹೆದರಿಕೆಗೆ ಸಾಕ್ಷಿ ಸಿಕ್ಕಿಬಿಟ್ಟಿತು. ಆರು ತಿಂಗಳಾದರೂ ನಿಜವಾದ ಅಭ್ಯಾಸ ಇನ್ನೂ ಶುರುವೇ ಆಗಿಲ್ಲ, ಅಕ್ಕಾ.

ಈ ಅಡಗುವ ಬುದ್ಧಿ ಎಲ್ಲಿಂದ ಬಂತು ಅಂತಲೂ ನೀವೇ ಬರೆದಿದ್ದೀರಿ, ಬ್ರಾಕೆಟ್ಟಿನೊಳಗೆ. ಆರನೇ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡುವ ಗುಂಪಿನಲ್ಲಿ ನಿಂತಿದ್ದಾಗ ಟೀಚರ್ ಒಬ್ಬರು, "ನಿನ್ನದು ಗಂಡಸಿನ ಗಂಟಲು, ಸುಮ್ನೆ ಬಾಯಿ ಆಡಿಸು ಸಾಕು" ಅಂದರು. "ಪಾಪ, ತಮಾಷೆಗೆ ಅಂದಿದ್ದು" ಅಂತ ನೀವು ಅವರ ಪರ ವಹಿಸಿದ್ದೀರಿ. ನಾನು ವಹಿಸಲ್ಲ. ಆ ಮಾತು ಕೇಳಿ 11 ವರ್ಷದ ಹುಡುಗಿ 40 ವರ್ಷ ಬಾಯಿ ಮುಚ್ಚಿಕೊಂಡು ಕೂತಳು. ಮಗಳನ್ನು ಮಲಗಿಸುವಾಗಲೂ ಹಾಡಲಿಲ್ಲ, ಬರೀ ಕಥೆ ಹೇಳಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು. ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಮಕ್ಕಳಿಗೆ ಪಾಠ ಹೇಳುವವರು ‘ನಿನ್ನ ಕೈಲಾಗಲ್ಲ’ ಅನ್ನುವ ಮಾತನ್ನು ಬಾಯಿಗೇ ತರಬಾರದು. ಕಲಿಸೋಕೆ ಬರದಿದ್ದರೆ ಸುಮ್ಮನಿರಲಿ.

ಗಂಡಸಿನ ಗಂಟಲು ಅಂದರಲ್ಲ, ಗಂಗೂಬಾಯಿ ಹಾನಗಲ್ ಅವರ ದನಿ ಕೇಳಿದ್ದೀರಾ? 1930ರ ದಶಕದ ಅವರ ಮೊದಮೊದಲ ರೆಕಾರ್ಡುಗಳಲ್ಲಿ ದನಿ ತೆಳು, ಎತ್ತರ. ಆಮೇಲೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಯಿತು, ದನಿ ಪೂರಾ ಇಳಿದು ದಪ್ಪವಾಯಿತು. ಗೊತ್ತಿಲ್ಲದವರು ಕೇಳಿದರೆ ಯಾರೋ ಗಂಡಸು ಹಾಡುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗಿತ್ತು. ಅವರು ಆ ದನಿಯಲ್ಲೇ ದಶಕಗಟ್ಟಲೆ ಹಾಡಿದರು, 2002ರಲ್ಲಿ ಪದ್ಮವಿಭೂಷಣ ಬಂತು. ನೀವು ಗಂಗೂಬಾಯಿ ಆಗಬೇಕು ಅಂತ ನಾನು ಹೇಳುತ್ತಿಲ್ಲ. ದಪ್ಪ ದನಿ ತಪ್ಪಲ್ಲ ಅಂತ ಮನಸ್ಸಿಗೆ ಬಂದರೆ ಸಾಕು.

ಇನ್ನು ಆ ಮೇಲಿನ ಷಡ್ಜ. ಮಕ್ಕಳ ಜೊತೆ ಜಿ ಶಾರ್ಪ್ ಅನ್ನುವ ಎತ್ತರದ ಶ್ರುತಿಯಲ್ಲಿ ಹಾಡುತ್ತೀರಂತೆ. ಮುಟ್ಟು ನಿಲ್ಲುವ ವಯಸ್ಸಿನ ಆಚೀಚೆ ಹೆಂಗಸರ ದನಿ ತುಸು ಇಳಿಯುವುದು ಸಹಜ. ನಿಮ್ಮದು ಮೊದಲೇ ದಪ್ಪ ದನಿ. ಎಫ್‌ಗೆ ಇಳಿಸಿ ನೋಡಿ, ಬೇಕಾದರೆ ಇನ್ನೂ ಕೆಳಗೆ. ಕೆಳಗಿನ ಪಂಚಮ, ಅಂದರೆ ‘ಪ’, ಸ್ಪಷ್ಟವಾಗಿ ಕೇಳಬೇಕು, ಮೇಲಿನ ಷಡ್ಜ ಕತ್ತು ಚಾಚದೆ ಸಿಗಬೇಕು. ಅದು ನಿಮ್ಮ ಶ್ರುತಿ. ನಿಮಗೆ ಬೇರೆ ಹೊತ್ತಿನಲ್ಲಿ ಪಾಠ ಮಾಡಲು ಮೇಡಂ ಹತ್ತಿರ ಬಾಯಿಬಿಟ್ಟು ಕೇಳಿ.

ಮಕ್ಕಳು ಮುಂದೆ ಹೋದರು ಅನ್ನುವ ನಿಮ್ಮ ದುಃಖಕ್ಕೆ ಮಾತ್ರ ನನ್ನ ಹತ್ತಿರ ಜಾಸ್ತಿ ಕನಿಕರ ಇಲ್ಲ. ಅವರು ಮೂರನೇ ಕಾಲದ ವೇಗದಲ್ಲಿ ಓಡಲಿ ಬಿಡಿ. ಸರಳೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಅವರೂ ಸಂಸಾರ, ವ್ಯಾಪಾರ ಎಲ್ಲ ನಡೆಸಿದ ಮೇಲೆ ದಾಸರಾದವರು. ಆ ರಾಗದ ಕಟ್ಟು ನೋಡಿ: ಸ ರಿ ಗ ಮ ಹತ್ತುವ ಅಳತೆಯಲ್ಲೇ ಪ ದ ನಿ ಸ. ಕೆಳಗಿನ ನಾಲ್ಕು ಮೆಟ್ಟಿಲು ಗಟ್ಟಿಯಾದರೆ ಮೇಲಿನ ನಾಲ್ಕಕ್ಕೂ ಅದೇ ಲೆಕ್ಕ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ನೀವು ಮಾಡಬೇಕಾದ್ದು ಒಂದೇ. ಒಂದು ತಿಂಗಳು ಸರಳೆ ಪುಸ್ತಕ ಮುಚ್ಚಿಡಿ. ಬೆಳಿಗ್ಗೆ ಅಡುಗೆಮನೆಗೆ ಹೋಗುವ ಮೊದಲು ಫೋನಿನಲ್ಲಿ ತಂಬೂರಿ ಹಾಕಿ, ಕಿಟಕಿ ತೆಗೆದು, 15 ನಿಮಿಷ ಬರೀ ‘ಸ’ ಹಾಡಿ. ಬಾಯಿ ಪೂರ್ತಿ ತೆರೆದು, ಗಟ್ಟಿಯಾಗಿ, ಉಸಿರು ಮುಗಿಯುವವರೆಗೆ. ಯಜಮಾನರಿಗೆ ಕೇಳಿಸಲಿ. ಅವರು ಒಂದು ಸಲವಾದರೂ ನಕ್ಕರು ಅಂತ ನೀವು ಎಲ್ಲೂ ಬರೆದಿಲ್ಲ. ಪಕ್ಕದ ಮನೆಯವರಿಗೂ ಕೇಳಿಸಲಿ. ಚಟ್ನಿ ಆಮೇಲೆ ರುಬ್ಬಿದರಾಯಿತು. ತಿಂಗಳು ಕಳೆದ ಮೇಲೆ, ಯಾವ ಶ್ರುತಿ ಸಿಕ್ಕಿತು ಅಂತ ನನಗೆ ಒಂದು ಸಾಲು ಬರೆಯಿರಿ.