ನೋಟ್‌ಬುಕ್ಕಿನ ಕೊನೆಯ ಪುಟ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 46 ವರ್ಷ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು. ತಿಂಗಳು ತಿಂಗಳೂ ವಿಪರೀತ ರಕ್ತ ಹೋಗಿ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮಾತ್ರೆಗೆ ಹಿಡಿತಕ್ಕೆ ಬರಲಿಲ್ಲ. ಗರ್ಭಕೋಶ ತೆಗೆಯುವುದೇ ಸರಿ ಎಂದು ಇಬ್ಬರು ಡಾಕ್ಟರು ಹೇಳಿದ್ದರು. ಎರಡು ಸಲ ಆಪರೇಷನ್ ದಿನ ಗೊತ್ತಾಗಿ, ಎರಡು ಸಲವೂ ಇವರೇ ಮುಂದೂಡಿದ್ದರು. ಒಮ್ಮೆ ಮಗಳ ಪರೀಕ್ಷೆ, ಇನ್ನೊಮ್ಮೆ ಅತ್ತೆಗೆ ಹುಷಾರಿಲ್ಲ ಅಂತ. ಮೂರನೇ ಸಲ ದಿನ ಗೊತ್ತಾದ ಮೇಲೆ ರಾತ್ರಿ ನಿದ್ದೆಯೇ ಇಲ್ಲವಾಯಿತು. ಗಂಡ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು.

"ನಾವೆಲ್ಲ ಜೊತೆಗೇ ಇದ್ದೀವಿ ಮೇಡಂ. ಏನೂ ಆಗಲ್ಲ, ಧೈರ್ಯವಾಗಿರು ಅಂತ ದಿನಾ ಹೇಳ್ತೀವಿ. ಆದ್ರೂ ಹೀಗೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಮಾಡಬೇಕೋ ತೋಚದ ಸಂಕಟವಿತ್ತು.

ಆಕೆಯ ಮಡಿಲಲ್ಲಿ ಒಂದು ನೋಟ್‌ಬುಕ್ ಇತ್ತು. ಆರು ವಾರ ಭಾರದ ಕೆಲಸ ಮಾಡುವ ಹಾಗಿಲ್ಲವಲ್ಲ, ಅದಕ್ಕೆ ಮನೆಯವರಿಗೆ ಎಲ್ಲ ಬರೆದಿಟ್ಟಿದ್ದೇನೆ ಎಂದರು. ನೋಡಬಹುದಾ ಎಂದು ಕೇಳಿ ತೆಗೆದುಕೊಂಡೆ. ಒಟ್ಟು 11 ಪುಟ. ಅತ್ತೆಯ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ, ಕರೆಂಟ್ ಬಿಲ್ ಎಷ್ಟನೇ ತಾರೀಕಿನೊಳಗೆ ಕಟ್ಟಬೇಕು, ನೀರಿನ ಮೋಟರ್ ಎಷ್ಟು ಹೊತ್ತು ಓಡಬೇಕು. ಅಕ್ಷರ ಗುಂಡಗೆ, ಚೆಂದವಾಗಿತ್ತು. ಕೊನೆಯ ಪುಟ ಮಾತ್ರ ಬೇರೆ. ಹಿಂದಿನ ಪುಟಕ್ಕೂ ಮೂಡುವಷ್ಟು ಪೆನ್ನು ಒತ್ತಿ ಬರೆದಿದ್ದರು: "ಬೀರು ಕೀಲಿ ಎಲ್ಲಿರುತ್ತೆ ಅಂತ ನಿನಗೆ ಗೊತ್ತಲ್ಲ ಪುಟ್ಟಿ. ನನ್ನ ಬಳೆ ನಿನಗೇ. ಅಪ್ಪನ್ನ ನೋಡ್ಕೋ."

"ವಾಪಸ್ ಬರಲ್ಲ ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದೆ.

ಗಂಡ ತಕ್ಷಣ "ಛೆ, ಬಿಡ್ತು ಅನ್ನು" ಎಂದರು. ಸ್ವಲ್ಪ ಸುಮ್ಮನಿರಿ ಎಂದು ಕೈಸನ್ನೆ ಮಾಡಿದೆ. ಬಹಳ ಹೊತ್ತಿನ ಮೇಲೆ ಆಕೆ ಮಾತಾಡಿದರು. ಅವರಿಗೆ 14 ವರ್ಷವಿದ್ದಾಗ ಅಮ್ಮನಿಗೆ ಆಪರೇಷನ್ ಆಗಿತ್ತು. "ನಾಳಿದ್ದು ಬಂದುಬಿಡ್ತೀನಿ" ಎಂದು ಹೋದ ಅಮ್ಮ ಬರಲಿಲ್ಲ. ಮತ್ತು ಬರಿಸೋ ಔಷಧಿ ಜಾಸ್ತಿ ಆಯ್ತಂತೆ, ಎಚ್ಚರವೇ ಆಗಲಿಲ್ಲವಂತೆ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಆಗಲೂ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, "ಏನೂ ಆಗಲ್ಲ".

ಗಂಡನಿಗೆ ಇದು ಗೊತ್ತೇ ಇರಲಿಲ್ಲ. ಹೆಂಡತಿಯ ಅಮ್ಮ ತೀರಿಹೋಗಿದ್ದಾರೆ ಅನ್ನುವುದಷ್ಟೇ ಗೊತ್ತಿತ್ತು.

ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ. ಒಳ್ಳೆ ಕೆಲಸಕ್ಕೆ ಹೊರಟಾಗ ಕೆಟ್ಟ ಮಾತು ಯಾಕೆ ಅಂತ ಸುಮ್ಮನಿದ್ದರಂತೆ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳಿದೆ. ಅರಿವಳಿಕೆ ಔಷಧಿ ಒಗ್ಗದಿರುವ ಕೆಲವು ತೊಂದರೆಗಳು ವಂಶದಲ್ಲಿ ಹರಿದು ಬರುತ್ತವೆ. ತೀರಾ ಅಪರೂಪ, ನಿಜ. ಆದರೆ ಮೊದಲೇ ಗೊತ್ತಿದ್ದರೆ ಅರಿವಳಿಕೆ ವೈದ್ಯರು ಬೇರೆ ಔಷಧಿ ಆರಿಸಿಕೊಳ್ಳುತ್ತಾರೆ. ಅಲರ್ಜಿ, ನುಂಗುತ್ತಿರುವ ಎಲ್ಲ ಮಾತ್ರೆ, ಅಲ್ಲಾಡುವ ಹಲ್ಲು, ಮನೆಯಲ್ಲಿ ಯಾರಿಗಾದರೂ ಆಪರೇಷನ್ ವೇಳೆ ಆದ ತೊಂದರೆ, ಇದ್ಯಾವುದನ್ನೂ ಮುಚ್ಚಿಡಬಾರದು.

ಗಂಡನಿಗೆ ಎರಡು ಕೆಲಸ ಕೊಟ್ಟೆ. ಒಂದು, ಆಕೆಯ ಚಿಕ್ಕಮ್ಮನಿಗೆ ಫೋನ್ ಮಾಡಿ ಆಗ ನಿಜಕ್ಕೂ ಏನಾಯಿತು ಎಂದು ಕೇಳುವುದು. ಉತ್ತರ ಏನೇ ಬಂದರೂ ಹೆಂಡತಿಗೆ ಹೇಳುವುದು, ಡಾಕ್ಟರಿಗೂ ಹೇಳುವುದು. ಎರಡು, "ಏನೂ ಆಗಲ್ಲ" ಅನ್ನುವ ಮಾತನ್ನು ಬಿಡುವುದು. ಪ್ರೀತಿಯಿಂದಲೇ ಹೇಳುತ್ತೇವೆ, ಅನುಮಾನವಿಲ್ಲ. ಆದರೆ ಆ ಮಾತು ಬಂದ ಮೇಲೆ ಹೆದರಿದವರಿಗೆ ಹೇಳಿಕೊಳ್ಳಲು ಜಾಗವೇ ಉಳಿಯಲ್ಲ. ಅದರ ಬದಲು "ಯಾವುದಕ್ಕೆ ಜಾಸ್ತಿ ಹೆದರಿಕೆ?" ಎಂದು ಕೇಳಿ. ಕೇಳಿದ ಮೇಲೆ ಕೂತುಕೊಳ್ಳಿ. "ಆಪರೇಷನ್ ಮುಗಿಯೋವರೆಗೂ ಬಾಗಿಲ ಹೊರಗೇ ಇರ್ತೀನಿ" ಅನ್ನಿ, ಅದು ನೀವು ಉಳಿಸಿಕೊಳ್ಳಬಹುದಾದ ಮಾತು.

ಮುಂದಿನ ವಾರ ಮಗಳೂ ಬಂದಿದ್ದಳು. ಚಿಕ್ಕಮ್ಮನಿಂದ ಉತ್ತರ ಬಂದಿತ್ತು. ಹೆಂಡತಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು, "ಅಮ್ಮನಿಗೆ ಎಚ್ಚರ ಆಗಿತ್ತಂತೆ ಮೇಡಂ." ಆ ದಿನ ಅದೇ ಮಾತನ್ನು ನಾಲ್ಕು ಸಲ ಹೇಳಿದರು. ಆಪರೇಷನ್ ಆದ ಸಂಜೆಯೇ ಅಮ್ಮ ಕಣ್ಣು ಬಿಟ್ಟು, ಮಕ್ಕಳು ಎಲ್ಲಿ ಎಂದು ಕೇಳಿದ್ದರಂತೆ. ಆಮೇಲೆ ಸೋಂಕು ರಕ್ತಕ್ಕೆ ಏರಿ, ಒಂಬತ್ತನೇ ದಿನ ಹೋಗಿದ್ದರು. ಹೆದರುತ್ತವೆ ಎಂದು ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ.

ಇದರಿಂದ ಭಯ ಮಾಯವಾಯಿತು ಅಂತಲ್ಲ. ಆದರೆ 32 ವರ್ಷ ಕತ್ತಲಲ್ಲಿದ್ದದ್ದು ಈಗ ಡಾಕ್ಟರ ಮುಂದೆ ಇಡಬಹುದಾದ ಪ್ರಶ್ನೆಯಾಗಿತ್ತು. ಮೂವರೂ ಕೂತು ಪ್ರಶ್ನೆಗಳನ್ನು ಬರೆದರು. ಅರಿವಳಿಕೆ ಕೊಟ್ಟು ಡಾಕ್ಟರು ಹೊರಟುಹೋಗುತ್ತಾರೆ ಎಂದು ಆಕೆ ತಿಳಿದಿದ್ದರು. ಹಾಗಲ್ಲ, ಆಪರೇಷನ್ ಮುಗಿಯುವ ತನಕ ಅರಿವಳಿಕೆ ತಂಡದವರು ತಲೆಯ ಹತ್ತಿರವೇ ಇದ್ದು ಎದೆಬಡಿತ, ಬಿಪಿ, ಆಕ್ಸಿಜನ್ ನೋಡುತ್ತಿರುತ್ತಾರೆ ಎಂದೆ. ಹೆಸರು, ಯಾವ ಆಪರೇಷನ್ ಎಂದು ಮತ್ತೆ ಮತ್ತೆ ಕೇಳಿದರೆ ಗಾಬರಿಯಾಗಬೇಡಿ ಎಂದೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯಲ್ಲೇ ಅದಿದೆ. ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ಥಿಯೇಟರಿನಿಂದ ಹೊರಡುವ ಮೊದಲು, ಹೀಗೆ ಮೂರು ಸಲ ನಿಂತು ಸರಿನೋಡುತ್ತಾರೆ.

ಮಗಳು ಒಂದೇ ಪ್ರಶ್ನೆ ಕೇಳಿದಳು: "ಅಮ್ಮ ಅತ್ತರೆ ನಾನೇನು ಮಾಡಲಿ?" ಪಕ್ಕದಲ್ಲಿ ಕೂತ್ಕೋ, ನಿನಗೂ ಅಳು ಬಂದರೆ ಅಳು ಎಂದೆ.

ಆಪರೇಷನ್ ಆಯಿತು. ಗಂಡ ಬಾಗಿಲ ಹೊರಗೇ ಇದ್ದರು. ಮರುದಿನವೇ ಆಸ್ಪತ್ರೆಯವರು ಆಕೆಯನ್ನು ನಡೆದಾಡಿಸಿದರು. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕೇ ಬೇಕು, ನೋವಾಗುತ್ತೆ ಎಂದು ಮನೆಯವರು ಮಲಗಿಸಿಬಿಡಬಾರದು. ಆರನೇ ದಿನ ಮನೆಯಲ್ಲಿ ಕಾರಣವಿಲ್ಲದೆ ಅಳು. ಗಂಡ ಗಾಬರಿಯಿಂದ ಫೋನ್ ಮಾಡಿದರು. ದೊಡ್ಡ ಆಪರೇಷನ್ ಆದ ಮೇಲೆ ಕೆಲವು ದಿನ ಮನಸ್ಸು ಕುಗ್ಗುವುದು ಸಹಜ, ಎರಡು ವಾರ ದಾಟಿದರೂ ಹಾಗೇ ಇದ್ದರೆ ಕರೆತನ್ನಿ ಎಂದೆ. ಆದರೆ ಜ್ವರ, ಗಾಯದಲ್ಲಿ ಕೀವು, ಜಾಸ್ತಿ ರಕ್ತ, ಒಂದೇ ಕಾಲು ಊದಿ ನೋವು, ಉಸಿರು ಕಟ್ಟುವುದು, ಇವಿದ್ದರೆ ನನಗೆ ಫೋನ್ ಮಾಡುವುದಲ್ಲ, ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಕಷ್ಟ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಬೇರೆಯವರು ಕೆಲಸ ಮಾಡುವುದನ್ನು ಕೂತು ನೋಡುವುದು ಆಕೆಗೆ ಆಗುತ್ತಿರಲಿಲ್ಲ. "ಎಲ್ಲರಿಗೂ ನನ್ನಿಂದ ತೊಂದರೆ" ಎಂದು ಕೊರಗುತ್ತಿದ್ದರು. ಆಗ ಒಂದನ್ನು ಮಾಡಿಸಿದೆ: ದಿನಕ್ಕೊಂದು ಸಹಾಯವನ್ನು ಬಾಯಿಬಿಟ್ಟು ಕೇಳಬೇಕು, ಮಾಡಿದ ಮೇಲೆ ತಪ್ಪು ಹುಡುಕಬಾರದು.

ಆರು ವಾರದ ನಂತರ ಅದೇ ನೋಟ್‌ಬುಕ್ ತಂದರು. 12ನೇ ಪುಟದಿಂದ ಮಗಳ ಅಕ್ಷರ. ಮಾತ್ರೆ ಕೊಟ್ಟ ಹೊತ್ತು, ನಡೆದ ನಿಮಿಷ. ಒಂದು ಕಡೆ, "ಅಮ್ಮ ಇವತ್ತು ಬಕೆಟ್ ಎತ್ತಿದ್ಲು. ಅಜ್ಜಿ ನೋಡಿ ಬೈದ್ರು." ಬಳೆಯ ವಿಷಯ ಬರೆದಿದ್ದ ಪುಟವನ್ನು ಹರಿದಿರಲಿಲ್ಲ, ಮಡಚಿಟ್ಟಿದ್ದರು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಆಪರೇಷನ್ ಬಗ್ಗೆ ಮಾತಾಡಲು ಅಲ್ಲ. ಅಮ್ಮ ಮಕ್ಕಳನ್ನು ಕೇಳುತ್ತಾ ಮಲಗಿದ್ದ ಆ ಒಂಬತ್ತು ದಿನಗಳ ಬಗ್ಗೆ.